ಫ್ಯಾನ್ ರಿಪೇರಿ ನಮ್ಗ ಬರ್ತದೇನು?

ಚಿಗರಿ ಬಸ್ಸಿನ್ಯಾಗ ಬೈರಿದೇವರಕೊಪ್ಪ ದಾಟುವಾಗ ನಮ್ಮ ಮಾತೆಲ್ಲ ಪ್ಲೇಸ್‌ಮೆಂಟ್ ಬಗ್ಗೆನೇ. ಆದ್ರೆ ಹಾಸ್ಟೆಲ್ ಫ್ಯಾನ್ ನಿಂತರೆ ಐಟಿಐ ಓದಿದ ಅಣ್ಣನೇ ಬರಬೇಕು. ಸರ್ಕ್ಯೂಟ್ ಥಿಯರಿ ಪಾಸಾದ ನಮಗೆ ಅದರ ಕೆಪಾಸಿಟರ್ ಬದಲಿಸೋಕೆ ಬರಂಗಿಲ್ಲ. ಆದ್ರೂ 'ಬರೀ ಐಟಿಐ' ಅಂತೀವಿ!

ಕೈಕೆಲಸಕ್ಕೆ ಬೆಲೆ ಕೊಟ್ಟ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ, ಹಳ್ಳಿ ಯುವಕರಿಗೆ ಊಟ, ವಸತಿ ಕೊಟ್ಟು ಉಚಿತವಾಗಿ ತರಬೇತಿ ನೀಡ್ತು. ಅಲ್ಲಿ ಕಲಿಸೋದು ನೌಕರಿ ಹುಡುಕೋದನ್ನಲ್ಲ, ಸ್ವಂತ ಕೆಲಸ ಶುರು ಮಾಡೋದನ್ನ. ಆ ಮಾದರಿಯೇ ಮುಂದೆ ಆರ್‌ಸೆಟಿ ಹೆಸರಲ್ಲಿ ದೇಶದ ಜಿಲ್ಲೆಗಳಿಗೆ ಹೋಯ್ತು.

ನಮ್ಮ ಲ್ಯಾಬ್‌ನಲ್ಲೂ ರೆಕಾರ್ಡ್ ಬರೆಯೋದು ಕಡಿಮೆಯಾಗಲಿ. ಕೆಟ್ಟ ಫ್ಯಾನು, ಮೋಟಾರು ಮೇಜಿನ ಮೇಲೆ ಬರಲಿ. ಕಲಿಸೋಕೆ ಆ ಅಣ್ಣನನ್ನೇ ಕರೀರಿ. ನಾವು ಅವರಿಗೂ 'ಸರ್' ಅಂತೀವಿ.