ರಾತ್ರಿಶಾಲೆಯ ವಿದ್ಯಾರ್ಥಿಗೂ ಆಟದ ಬಯಲು ಬೇಕು

ಮುಂಬಯಿ ಕನ್ನಡಿಗರ ಇತಿಹಾಸದಲ್ಲಿ ರಾತ್ರಿಶಾಲೆಯ ಸ್ಥಾನವು ಹಿರಿದಾದುದು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯು 1908ರಲ್ಲಿಯೇ ರಾತ್ರಿಶಾಲೆಯೊಂದನ್ನು ತೆರೆಯಿತು. ತರುವಾಯ ನಮ್ಮವರ ಇತರ ಸಂಸ್ಥೆಗಳೂ ಆ ದಾರಿಯನ್ನು ಹಿಡಿದವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಇರುಳು ಪಾಠ ಕಲಿತವರು ಗುಮಾಸ್ತರಾದರು. ಕೆಲವರು ಹೋಟೆಲುಗಳ ಮಾಲಕರೂ ಆದರು. ಇದು ನಾವೆಲ್ಲರೂ ಅಭಿಮಾನದಿಂದ ಹೇಳಿಕೊಳ್ಳುವ ಸಂಗತಿಯಷ್ಟೆ.

ಆದರೆ ಈ ಇತಿಹಾಸದಲ್ಲಿ ಒಂದು ಅಧ್ಯಾಯವು ಬರೆಯದೆ ಉಳಿದಿದೆ. ಅದು ಕ್ರೀಡೆಯದು. ಹಗಲಿನ ಹೈಸ್ಕೂಲಿಗೆ ಮೈದಾನ, ವ್ಯಾಯಾಮ ಶಿಕ್ಷಕ, ವಾರ್ಷಿಕ ಪಂದ್ಯಾಟ ಇವೆಲ್ಲ ಸಹಜ. ರಾತ್ರಿಶಾಲೆಗೆ ದೊರೆಯುವುದೋ ಬೇರೆ ಶಾಲೆಯ ಕೋಣೆ, ಅದೂ ಕತ್ತಲಾದ ಮೇಲೆ. 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಮಹಾಮಂಡಳವು 14, 17, 19 ವರ್ಷಗಳೊಳಗಿನವರೆಂದು ವಿಭಾಗಗಳನ್ನು ಮಾಡಿದೆ. ಹೊಟ್ಟೆಪಾಡಿಗಾಗಿ ಓದು ಬಿಟ್ಟು, ತಡವಾಗಿ ಮರಳಿದವನಿಗೆ ವಯಸ್ಸು ಮೀರಿರುತ್ತದೆ. ಮೀರದಿದ್ದರೂ ಪಂದ್ಯದ ಹೊತ್ತಿಗೆ ಅವನು ದುಡಿಮೆಯಲ್ಲಿರುತ್ತಾನೆ.

ಇಡೀ ದಿನ ಮೇಜಿನಿಂದ ಮೇಜಿಗೆ ಓಡುವ ಮಾಣಿಗೆ ಮತ್ತೇಕೆ ಓಟ, ಎಂದು ಕೆಲವರು ಕೇಳಿಯಾರು. ಆ ಓಟವು ಗಿರಾಕಿಯ ಕರೆಗೆ. ಮೈದಾನದ ಓಟವು ತನ್ನ ಇಚ್ಛೆಗೆ. ದುಡಿಮೆಯು ಕೆಲವೇ ಅಂಗಗಳನ್ನು ದಣಿಸುತ್ತದೆ. ಆಟವು ಇಡೀ ದೇಹವನ್ನೂ ಮನಸ್ಸನ್ನೂ ಅರಳಿಸುತ್ತದೆ. ಗಲ್ಲೆಯ ಮೇಲೆ ಕುಳಿತವನೂ ಪಾತ್ರೆ ತಿಕ್ಕುವವನೂ ಅಲ್ಲಿ ಒಂದೇ ಪಂಗಡದ ಆಟಗಾರರಾಗುತ್ತಾರೆ.

ವಿದ್ಯಾಸಂಸ್ಥೆಯ ಹಿರಿಯರು ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ಮಹಾರಾಷ್ಟ್ರದಲ್ಲಿಯೇ ನಿದರ್ಶನವಿದೆ. ಕರಾಡದ ಟಿಳಕ ಹೈಸ್ಕೂಲಿನಲ್ಲಿ ಓದಿದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಕುಸ್ತಿಯಲ್ಲಿ ಕಂಚಿನ ಪದಕ ಗೆದ್ದರು. ಅವರ ಪ್ರಯಾಣಕ್ಕಾಗಿ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಒದಗಿಸಿದ್ದರು. ಜಾಧವರು ಮರಳಿ ಬಂದು ಕುಸ್ತಿಪಂದ್ಯಗಳನ್ನಾಡಿ ಆ ಋಣವನ್ನು ತೀರಿಸಿದರು.

ನಮ್ಮ ಮುಖಂಡರು ಮನೆಯನ್ನು ಅಡವಿಡಬೇಕಾದುದಿಲ್ಲ. ಕಬಡ್ಡಿಗೆ ಬೇಕಾದುದು 13 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ ಮತ್ತು ಪಕ್ಷಕ್ಕೆ ಏಳು ಜನ. ಬ್ಯಾಟು ಬೇಡ, ಚೆಂಡು ಬೇಡ. ಊರಿನ ಗದ್ದೆಯಲ್ಲಿ ಆಡಿ ಬಂದ ನಮ್ಮ ಹುಡುಗರಿಗೆ ಅದನ್ನು ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ಈ ಆಟವೇ 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟವನ್ನು ಸೇರಿತು.

ಡೊಂಬಿವಲಿಯಲ್ಲಿ ಕನ್ನಡಿಗರೇ ನಡೆಸುವ ಮಂಜುನಾಥ ವಿದ್ಯಾಲಯವಿದೆ. ಠಾಣೆಯಿಂದ ಕಲ್ಯಾಣದವರೆಗೆ ನಮ್ಮ ಸಂಘಗಳಿವೆ, ಹೋಟೆಲುಗಳಿವೆ. ಸಂಘದವರು ತಿಂಗಳಿಗೊಂದು ಬೆಳಗು ಯಾವುದಾದರೊಂದು ಶಾಲೆಯ ಅಂಗಳವನ್ನು ಬೇಡಿ ಪಡೆಯಲಿ. ಅಲ್ಲಿ ವಯಸ್ಸಿನ ಕಟ್ಟಾಗಲಿ ಜಾತಿಯ ಕಟ್ಟಾಗಲಿ ಇರದಿರಲಿ. ಮಹಾರಾಷ್ಟ್ರದ 2017ರ ಅಂಗಡಿಗಳ ಕಾಯಿದೆಯು ವಾರಕ್ಕೆ 24 ಗಂಟೆಗಳ ಸತತ ವಿರಾಮವನ್ನು ವಿಧಿಸಿದೆ. ಆ ರಜೆಯು ಆಟದ ದಿನಕ್ಕೆ ಹೊಂದುವಂತೆ ಮಾಲಕರು ಸರದಿಯನ್ನು ಗೊತ್ತುಮಾಡಿದರೆ ಸಾಕು. ಇದರಿಂದ ಅವರ ಗಲ್ಲೆಗೆ ನಷ್ಟವಿಲ್ಲ.

ಅಕ್ಷರದ ಹಸಿವನ್ನು ನಮ್ಮ ಹಿರಿಯರು ನೂರು ವರ್ಷಗಳ ಹಿಂದೆಯೇ ಗುರುತಿಸಿದರು. ಆಟದ ಹಸಿವನ್ನು ಗುರುತಿಸುವ ಹೊಣೆಯು ನಮ್ಮ ಪಾಲಿಗೆ ಬಂದಿದೆ. ಕಲ್ಯಾಣದ ಕನ್ನಡಿಗರು ಇದಕ್ಕೆ ಮೊದಲಿಗರಾಗಲಿ.