ಹೊಸ ಕಂಪ್ಯೂಟರಿಗೆ ಮೊದಲು ಹಳೆಯ ಫೈಲು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಟೀಚರುಗಳು, ಆಫೀಸಿನವರು ನಮ್ಮಲ್ಲಿ ಆಗಾಗ ಕೇಳುವುದುಂಟು: ಮನೆಯಲ್ಲಿ ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಶಾಲೆಯಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೇ ಏಕೆ ಬರುತ್ತವೆ?

ಇದು ವೈರಸ್ ಅಲ್ಲ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ಗೋಜಲು. ಕೇರಳದ ಶಾಲೆಗಳಲ್ಲಿರುವುದು ಕೈಟ್ ಸಂಸ್ಥೆಯ ಲಿನಕ್ಸ್. ನಮ್ಮ ಮನೆಯ ಫಾಂಟ್ ಅಲ್ಲಿರಬೇಕೆಂದಿಲ್ಲ. ಯೂನಿಕೋಡಿನಲ್ಲಾದರೋ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ, ಮೊಬೈಲಿನಲ್ಲೂ ಸರಿಯಾಗಿ ಕಾಣುತ್ತದೆ. ಬೆರಳಿಗೆ ಹೊಸ ಅಭ್ಯಾಸವೂ ಬೇಡ. ಲಿನಕ್ಸಿನ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಆರಿಸಿದರೆ ನುಡಿಯ ಕೀಲಿಗಳೇ ಸಿಗುತ್ತವೆ. ಹೊಸ ನುಡಿಯಲ್ಲೂ ಯೂನಿಕೋಡ್ ಉಂಟು.

ಈಗ ಅವಸರದ ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಹಲವರು ಕಂಪ್ಯೂಟರ್ ಬದಲಿಸುತ್ತಿದ್ದಾರೆ. ಅಂಗಡಿಯವರ ಕೈಗೆ ಕೊಡುವ ಮೊದಲು ಹಳೆಯ ಟಿಪ್ಪಣಿ, ಪ್ರಶ್ನೆಪತ್ರಿಕೆಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಜೊತೆಗೆ ಆ ಫಾಂಟ್ ಫೈಲನ್ನೂ. ನಾವು ಒಮ್ಮೆ ಅಷ್ಟು ಮಾಡದೆ, ಹತ್ತು ವರ್ಷದ ಪಾಠಟಿಪ್ಪಣಿ ಕಣ್ಣೆದುರಿದ್ದೂ ಓದಲಾಗದೆ ಕುಳಿತಿದ್ದೆವು!

ಆಮೇಲೆ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. ನಡುವಿನ ಇಂಗ್ಲಿಷ್ ಪದಗಳೂ ಕನ್ನಡದ ವೇಷ ತೊಟ್ಟು ಬರುವುದುಂಟು. ಗಣಿತದ ಟೀಚರುಗಳು ಸಮೀಕರಣಗಳನ್ನು ಮತ್ತೊಮ್ಮೆ ನೋಡಲೇಬೇಕು. ಬರೀ ಮುದ್ರಣಕ್ಕಾದರೆ ಹಳೆಯ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಒಯ್ದರೆ ಸಾಕು. ತಿದ್ದಬೇಕಾದರೆ ಮಾತ್ರ ಅದು ಪ್ರಯೋಜನಕ್ಕೆ ಬಾರದು.