ಕಂಪ್ಯೂಟರ್ ಬಂತು, ಡ್ರಾಯಿಂಗ್ ಪೀರಿಯಡ್ ಎಲ್ಲಿ ಹೋಯಿತು?

ಮುಂಬಯಿಯಲ್ಲಿ ನಮ್ಮವರ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವ ಎಂದರೆ ಮಕ್ಕಳ ಚಿತ್ರಕಲಾ ಸ್ಪರ್ಧೆ ಇದ್ದೇ ಇರುತ್ತದೆ. ಬೆಳಗ್ಗೆ ಪೂಜೆ, ಮಧ್ಯಾಹ್ನ ಊಟ, ನಡುವೆ ಸಭಾಗೃಹದ ಒಂದು ಮೂಲೆಯಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಬಣ್ಣ ತುಂಬಿಸುತ್ತಿರುತ್ತಾರೆ. ಈಗೀಗ ಕೆಲವೆಡೆ ಇದರ ಜತೆಗೆ ಡಿಜಿಟಲ್ ಚಿತ್ರ ಎಂಬ ವಿಭಾಗವೂ ಸೇರಿಕೊಂಡಿದೆ. ಮನೆಯಲ್ಲೇ ಚಿತ್ರ ಮಾಡಿ ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಸಾಕು. ಅಂತಹ ಒಂದು ಸ್ಪರ್ಧೆಯಲ್ಲಿ ನನಗೆ ಪ್ರಥಮ ಬಹುಮಾನ ಬಂದಿತ್ತು. ಆ ಬಹುಮಾನದ ಕತೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ವಿಷಯ "ಊರಿನ ನಮ್ಮ ಮನೆ" ಎಂದಿತ್ತು. ನನಗೆ ಹನ್ನೆರಡನೆಯ ತರಗತಿಯ ಟ್ಯೂಷನ್ ಗಡಿಬಿಡಿ. ಕೃತಕ ಬುದ್ಧಿಮತ್ತೆಯ ಒಂದು ಆ್ಯಪ್ ತೆರೆದು, ಕರಾವಳಿಯ ಹಳೆಯ ಹೆಂಚಿನ ಮನೆ, ತೆಂಗಿನ ಮರ, ಸಂಜೆ ಬೆಳಕು ಎಂದು ಬರೆದೆ. ಅರ್ಧ ನಿಮಿಷದಲ್ಲಿ ಕ್ಯಾಲೆಂಡರಿಗೆ ಹಾಕುವಂತಹ ಚಿತ್ರ ಬಂತು. ಕಳುಹಿಸಿದೆ, ಗೆದ್ದೆ. ವೇದಿಕೆಯಲ್ಲಿ ಗಣ್ಯರ ಕೈಯಿಂದ ಸ್ಮರಣಿಕೆ, ಪ್ರಮಾಣ ಪತ್ರ, ಚಪ್ಪಾಳೆ ಎಲ್ಲವೂ ಸಿಕ್ಕಿತು.

ಭಾಂಡೂಪ್‌ನ ನಮ್ಮ ಖೋಲಿಗೆ ಬಂದು ಮೊಬೈಲಿನಲ್ಲಿದ್ದ ಚಿತ್ರವನ್ನು ಅಜ್ಜಿಗೆ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. "ಚೆಂದ ಉಂಟು ಮಗಾ. ಆದರೆ ಇದು ಯಾರ ಮನೆ? ತುಳಸಿಕಟ್ಟೆ ಇಲ್ಲ, ಬಾವಿ ಇಲ್ಲ. ಅಂಗಳದಲ್ಲಿ ಅಡಿಕೆ ಎಲ್ಲಿ ಒಣಗಿಸುವುದು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಊರಿನ ನಮ್ಮ ಮನೆ ಪಾಲಾದ ಮೇಲೆ ಅದನ್ನು ಕೆಡವಿದರು. ನಾನು ಅದನ್ನು ನೋಡಿದ್ದು ತೀರಾ ಚಿಕ್ಕವಳಿದ್ದಾಗ. ಇರುವುದು ಯಾರದೋ ಮದುವೆಯ ಒಂದು ಫೋಟೋ; ಅದರಲ್ಲಿಯೂ ಮನೆಗಿಂತ ಚಪ್ಪರವೇ ಹೆಚ್ಚು. ಆ ಮನೆ ಈಗ ಪೂರ್ತಿಯಾಗಿ ಉಳಿದಿರುವುದು ಅಜ್ಜಿಯ ನೆನಪಿನಲ್ಲಿ ಮಾತ್ರ. ಯಂತ್ರಕ್ಕೆ ಲಕ್ಷಾಂತರ ಮನೆಗಳು ಗೊತ್ತಿರಬಹುದು, ನಮ್ಮ ಮನೆ ಗೊತ್ತಿಲ್ಲ. ನನಗೆ ಗೊತ್ತಾಗಬೇಕಿತ್ತು, ನಾನು ಕೇಳಲೇ ಇಲ್ಲ.

ಮರುದಿನ ಸಂಘದ ಪದಾಧಿಕಾರಿಯೊಬ್ಬರಿಗೆ ಫೋನ್ ಮಾಡಿ ಇದ್ದ ವಿಷಯ ಹೇಳಿ, ಬಹುಮಾನ ಹಿಂತಿರುಗಿಸುತ್ತೇನೆ ಎಂದೆ. ಅವರು ನಕ್ಕು, "ಈಗ ಎಲ್ಲರೂ ಹಾಗೆಯೇ ಮಾಡುವುದಲ್ಲವಾ, ಇಟ್ಟುಕೋ" ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಎಲ್ಲರೂ ಹಾಗೆಯೇ ಮಾಡುವುದು ಯಾಕೆ ಎಂಬ ಪ್ರಶ್ನೆ ಅಲ್ಲಿಂದ ನನ್ನನ್ನು ಕಾಡತೊಡಗಿತು.

ಇದರ ಬೇರು ಶಾಲೆಯಲ್ಲಿದೆ ಎಂದು ನನಗೆ ಅನಿಸುತ್ತದೆ. ನಾನು ಐದನೆಯ ತರಗತಿಯಲ್ಲಿದ್ದಾಗ ವಾರಕ್ಕೆ ಎರಡು ಡ್ರಾಯಿಂಗ್ ಪೀರಿಯಡ್ ಇತ್ತು. ಡ್ರಾಯಿಂಗ್ ಸರ್ ಒಂದು ದಾಸವಾಳ ಹೂವನ್ನು ಮೇಜಿನ ಮೇಲಿಟ್ಟು, "ಹತ್ತು ನಿಮಿಷ ಬರೀ ನೋಡಿ, ಪೆನ್ಸಿಲ್ ಮುಟ್ಟಬೇಡಿ" ಎನ್ನುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ಪೀರಿಯಡ್‌ಗಳಲ್ಲಿ ಒಂದು ಗಣಿತಕ್ಕೆ ಹೋಯಿತು, ಇನ್ನೊಂದು ಕಂಪ್ಯೂಟರಿಗೆ. ಹೆತ್ತವರ ಸಭೆಯಲ್ಲಿ ಯಾರೂ ತಕರಾರು ಮಾಡಲಿಲ್ಲ. ಕಂಪ್ಯೂಟರ್ ಕಲಿತರೆ ಕೆಲಸ ಸಿಗುತ್ತದೆ, ಚಿತ್ರ ಬಿಡಿಸಿದರೆ ಏನು ಸಿಗುತ್ತದೆ ಎಂಬುದು ಎಲ್ಲರ ಲೆಕ್ಕಾಚಾರವಾಗಿತ್ತು.

ಕಂಪ್ಯೂಟರ್ ತರಗತಿಯಲ್ಲಾದರೂ ನಾವು ಏನಾದರೂ ಹೊಸದನ್ನು ಮಾಡಿದೆವೇ? ಅದೂ ಇಲ್ಲ. ಒಂದು ಯಂತ್ರಕ್ಕೆ ಮೂವರು ಮಕ್ಕಳು. ಪೇಂಟ್‌ನಲ್ಲಿ ಒಂದು ಮನೆ, ಒಂದು ಮರ, ಒಂದು ಸೂರ್ಯ. ಪವರ್‌ಪಾಯಿಂಟ್‌ನಲ್ಲಿ ಬೋರ್ಡಿನ ಮೇಲೆ ಬರೆದಂತೆಯೇ ಐದು ಪುಟ. ಪ್ರಾಜೆಕ್ಟ್ ಎಂದರೆ ಸ್ಟೇಷನರಿ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸುವುದು. ಬೇರೆ ಶಾಲೆಗಳ ಗೆಳತಿಯರೂ ಇದನ್ನೇ ಹೇಳುತ್ತಾರೆ. ಸ್ವಂತದ್ದು ಮಾಡಿದವರಿಗೆ ಹೆಚ್ಚು ಅಂಕವೂ ಇಲ್ಲ, ನಕಲು ಮಾಡಿದವರಿಗೆ ಕಡಿಮೆಯೂ ಇಲ್ಲ. ಹೀಗೆ ಬೆಳೆದವರ ಕೈಗೆ 2022ರ ಬಳಿಕ, ಒಂದು ಸಾಲು ಬರೆದರೆ ಚಿತ್ರ ಕೊಡುವ ಆ್ಯಪ್‌ಗಳು ಬಂದಾಗ ನಾವು ಇನ್ನೇನು ಮಾಡುತ್ತೇವೆ?

ಹಾಗೆಂದು ಕಂಪ್ಯೂಟರನ್ನು ದೂರುವುದು ನನ್ನ ಉದ್ದೇಶವಲ್ಲ. ನಿಜ ಹೇಳಬೇಕೆಂದರೆ ಹಳೆಯ ಡ್ರಾಯಿಂಗ್ ತರಗತಿಗಳಲ್ಲಿಯೂ ನಕಲು ಕಡಿಮೆ ಇರಲಿಲ್ಲ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಗುಡಿಸಲು. ಗುಡ್ಡವನ್ನೇ ಕಾಣದ ಚಾಳಿನ ಮಕ್ಕಳೂ ಬಿಡಿಸುತ್ತಿದ್ದದ್ದು ಇದನ್ನೇ. ಮೇಲಾಗಿ ನಮ್ಮಂತಹ ಮನೆಯ ಮಕ್ಕಳಿಗೆ ಕಂಪ್ಯೂಟರ್ ದೊಡ್ಡ ಉಪಕಾರವನ್ನೂ ಮಾಡಿದೆ. ಪೋಸ್ಟರ್ ಕಲರ್, ಬ್ರಷ್, ದಪ್ಪ ಕಾಗದ ಎಲ್ಲಕ್ಕೂ ದುಡ್ಡು ಬೇಕು. ಹತ್ತು-ಹನ್ನೆರಡು ಅಡಿಯ ಖೋಲಿಯಲ್ಲಿ ಒದ್ದೆ ಚಿತ್ರ ಒಣಗಿಸಲು ಜಾಗವೂ ಇಲ್ಲ. ಕ್ರಿಟಾದಂತಹ ಚಿತ್ರ ಬಿಡಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅಲ್ಲಿ ಬಣ್ಣ ಮುಗಿಯುವುದಿಲ್ಲ, ತಪ್ಪಾದರೆ ಕಾಗದ ಹಾಳಾಗುವುದಿಲ್ಲ. ಮೈಕ್ರೋಸಾಫ್ಟ್‌ನ ಪೇಂಟ್ 1985ರ ಮೊದಲ ವಿಂಡೋಸ್‌ನಿಂದಲೂ ಇದೆ. ಮಕ್ಕಳು ತಾವೇ ಆಟ, ಕಾರ್ಟೂನು ಕಟ್ಟಲೆಂದು ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಹೊರತಂದ ಸ್ಕ್ರಾಚ್ ಕೂಡ ಉಚಿತ. ಸಾಧನಗಳಿಗೆ ಕೊರತೆಯಿಲ್ಲ. ಅವುಗಳ ಮುಂದೆ ಕುಳಿತ ಮಗುವಿಗೆ "ನೀನು ಕಂಡದ್ದನ್ನು ಮಾಡು" ಎಂದು ಹೇಳುವವರ ಕೊರತೆ ಇದೆ.

ಕೈ ಮತ್ತು ಕಂಪ್ಯೂಟರ್ ಒಂದಕ್ಕೊಂದು ವೈರಿಗಳಲ್ಲ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಮುಂಬಯಿಯಲ್ಲೇ ಸಾಕ್ಷಿ ಇದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜತೆ ತುಂಗಾ ಎಂಬ ಕನ್ನಡ ಫಾಂಟ್ ಬಂತು. ಕಂಪ್ಯೂಟರಿನಲ್ಲಿ ಕನ್ನಡ ಓದಿದವರಲ್ಲಿ ಬಹುಮಂದಿ ಆ ಅಕ್ಷರಗಳನ್ನು ಕಂಡಿರುತ್ತಾರೆ. ಅದರ ವಿನ್ಯಾಸಕ್ಕೆ ಮಾರ್ಗದರ್ಶನ ಮಾಡಿದವರು ಪ್ರೊ. ಆರ್.ಕೆ. ಜೋಶಿ. ಕೊಲ್ಹಾಪುರದಲ್ಲಿ ಹುಟ್ಟಿದ ಅವರು ಪೊವಾಯಿಯ ಐಐಟಿಯಲ್ಲಿ ವಿನ್ಯಾಸ ಕಲಿಸಿದವರು, ಬಳಿಕ ಜುಹೂವಿನಲ್ಲಿದ್ದ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರದಲ್ಲಿ ಭಾರತೀಯ ಭಾಷೆಗಳ ಅಕ್ಷರಗಳ ಮೇಲೆ ದುಡಿದವರು. 2008ರಲ್ಲಿ ನಿಧನರಾದ ಅವರು ಮೂಲತಃ ಕೈಯಿಂದ ಅಕ್ಷರ ಬರೆಯುವ ಕಲಾವಿದರು. ಬ್ರಷ್ ಮತ್ತು ಲೇಖನಿ ಹಿಡಿದು ಪಳಗಿದ ಕೈಯೇ ಕಂಪ್ಯೂಟರಿಗೂ ಅಕ್ಷರ ಕೊಟ್ಟಿತು.

ಇನ್ನೊಬ್ಬರು ನಮ್ಮ ಕರಾವಳಿಯವರೇ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಟಾಟಾ ಪ್ರೆಸ್‌ನಲ್ಲಿ ದುಡಿದವರು. ಕನ್ನಡವನ್ನು ಉಚ್ಚಾರದಂತೆ ಟೈಪ್ ಮಾಡುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ್ದು ಅವರೇ. ಕಲೆಯ ಕ್ಷೇತ್ರದಲ್ಲಂತೂ ಕೆ.ಕೆ. ಹೆಬ್ಬಾರರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, 1996ರಲ್ಲಿ ಇದೇ ನಗರದಲ್ಲಿ ಕೊನೆಯುಸಿರೆಳೆದವರು ಅವರು. ನೃತ್ಯ ಮಾಡುವವರ ಮೈಯ ಲಯವನ್ನು ಅವರು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದರು. ಆ ಗೆರೆ ಪೆನ್ಸಿಲಿನಿಂದ ಬರಲಿ, ಇಲಿಯಿಂದ ಬರಲಿ, ಮೊದಲು ಕಣ್ಣಿನಿಂದ ಬರಬೇಕು. ಕಣ್ಣಿಗೆ ಆ ಅಭ್ಯಾಸ ಕೊಡುವ ಜಾಗವೇ ಡ್ರಾಯಿಂಗ್ ಪೀರಿಯಡ್.

ಇದು ನನ್ನ ಸ್ವಂತ ಬೇಡಿಕೆ ಮಾತ್ರ ಎಂದು ಯಾರೂ ತಿಳಿಯಬಾರದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆ ಒಂದು ವಿಷಯವಾಗಿರಬೇಕು ಎಂದು ಹೇಳಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೆಯ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೆಂದು ಅರೆಕಾಲಿಕ ಬೋಧಕರು ಇರಬೇಕೆಂದಿದೆ. ನಮ್ಮ ಮಹಾರಾಷ್ಟ್ರದಲ್ಲಿ ಕಲಾ ನಿರ್ದೇಶನಾಲಯದ ಎಲಿಮೆಂಟರಿ ಮತ್ತು ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಿವೆ. ವಸ್ತು ಚಿತ್ರ, ನೆನಪಿನ ಚಿತ್ರ, ವಿನ್ಯಾಸ, ಅಕ್ಷರ ಬರಹ ಎಲ್ಲವೂ ಅದರಲ್ಲಿ ಉಂಟು. ಇಷ್ಟೊಂದು ಒಳ್ಳೆಯ ವ್ಯವಸ್ಥೆ ಇರುವ ರಾಜ್ಯದಲ್ಲಿ ಶಿಕ್ಷಕರಿಲ್ಲದೆ ಪೀರಿಯಡ್ ಕಾಣೆಯಾಗುವುದು ವಿಷಾದದ ಸಂಗತಿ.

ಕೆಲಸದ ಚಿಂತೆಯ ಹೆತ್ತವರಿಗೂ ಒಂದು ಮಾತು. ವಿನ್ಯಾಸದ ಪದವಿಗೆ ಐಐಟಿ ಬಾಂಬೆ 2015ರಿಂದ ನಡೆಸುತ್ತಿರುವ ಯೂಸೀಡ್ ಪ್ರವೇಶ ಪರೀಕ್ಷೆಯ ಒಂದು ಭಾಗದಲ್ಲಿ ಇಂದಿಗೂ ಕಾಗದದ ಮೇಲೆ ಕೈಯಿಂದಲೇ ಚಿತ್ರ ಬಿಡಿಸಬೇಕು. ನನ್ನ ತಂದೆಯವರು ದುಡಿಯುವ ಹೊಟೇಲಿನ ಬೋರ್ಡನ್ನು ಹಿಂದೆ ಒಬ್ಬ ಪೇಂಟರ್ ಬರೆಯುತ್ತಿದ್ದರಂತೆ. ಫ್ಲೆಕ್ಸ್ ಬಂದ ಮೇಲೆ ಅವರ ಜತೆಯ ಹಲವರ ಕೆಲಸ ಹೋಯಿತು. ಅವರು ಮಾತ್ರ ಕೋರಲ್‌ಡ್ರಾ ಕಲಿತು ಒಂದು ಪ್ರಿಂಟಿಂಗ್ ಅಂಗಡಿಗೆ ಸೇರಿದರು. ಯಾವ ಅಕ್ಷರದ ಪಕ್ಕ ಎಷ್ಟು ಜಾಗ ಬಿಡಬೇಕು ಎಂಬುದು ಅವರ ಕೈಗೆ ಮೊದಲೇ ಗೊತ್ತಿತ್ತು, ತಂತ್ರಾಂಶ ಕಲಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಕೈ ಕಲಿತವರಿಗೆ ಯಂತ್ರ ಕಲಿಯುವುದು ಕಷ್ಟವಲ್ಲ. ಯಂತ್ರ ಮಾತ್ರ ಕಲಿತವರಿಗೆ, ಯಂತ್ರ ಬದಲಾದಾಗ ಮತ್ತೆ ಅ ಆ ಇ ಈ.

ಇನ್ನು ನಮ್ಮ ಸಂಘ-ಸಂಸ್ಥೆಗಳಿಗೆ ಒಂದೆರಡು ವಿನಂತಿ. ಎಸ್ಸೆಸ್ಸಿಯಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ನೀವು ವರ್ಷವೂ ಸನ್ಮಾನಿಸುತ್ತೀರಿ, ಅದು ಸಂತೋಷವೇ. ಅದೇ ವೇದಿಕೆಯಲ್ಲಿ ಡ್ರಾಯಿಂಗ್ ಪರೀಕ್ಷೆಯಲ್ಲಿ ಎ ಗ್ರೇಡ್ ಪಡೆದವರನ್ನೂ ಕರೆಯಿರಿ. ಡಿಜಿಟಲ್ ಸ್ಪರ್ಧೆ ಇಡುವುದಾದರೆ ಚಿತ್ರದ ಜತೆ ಅದರ ಕಚ್ಚಾ ಗೆರೆಗಳನ್ನೂ ಕೇಳಿ, ಅಥವಾ ಸಭಾಗೃಹದಲ್ಲೇ ಕುಳಿತು ಮಾಡಿಸಿ. ನಮ್ಮ ಸಮಾರಂಭಗಳ ಫ್ಲೆಕ್ಸ್‌ಗಳನ್ನೇ ನೋಡಿ. ಎಲ್ಲಿಂದಲೋ ತಂದ ಅದೇ ದೀಪ, ಅದೇ ಹೂವಿನ ಅಂಚು, ಮಧ್ಯದಲ್ಲಿ ಅತಿಥಿಗಳ ಫೋಟೋ. ಒಂದು ವರ್ಷವಾದರೂ ನಮ್ಮ ಮಕ್ಕಳೇ ಬಿಡಿಸಿದ ಚಿತ್ರವನ್ನು ಅಲ್ಲಿ ಹಾಕಬಾರದೇಕೆ?

ಇನ್ನೂ ಒಂದು ಆಸೆ ಉಂಟು. ತಿಂಗಳಿಗೊಂದು ರವಿವಾರ ಮಧ್ಯಾಹ್ನ ಖಾಲಿ ಇರುವ ಸಂಘದ ಕಚೇರಿಯಲ್ಲಿ ಹಿರಿಯರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಿ. ಹಿರಿಯರು ಹೇಳಲಿ, ಮಕ್ಕಳು ಕಾಗದದಲ್ಲೋ ಲ್ಯಾಪ್‌ಟಾಪ್‌ನಲ್ಲೋ ಬಿಡಿಸಲಿ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಆ ತರಗತಿ ಹೇಗಿತ್ತು, ಬೆಂಚು ಎಂತಹದು, ರಾತ್ರಿ ಮಲಗುತ್ತಿದ್ದ ಜಾಗ ಯಾವುದು? ಅವರು ಹೇಳದಿದ್ದರೆ, ನಾವು ಬಿಡಿಸದಿದ್ದರೆ, ನಾಳೆ ಯಾವ ಆ್ಯಪ್ ಕೇಳಿದರೂ ಅದು ಸಿಗುವುದಿಲ್ಲ.

ನಾನೀಗ ಅಜ್ಜಿಯ ಪಕ್ಕದಲ್ಲಿ ಕುಳಿತು ಊರಿನ ಮನೆಯನ್ನು ಕ್ರಿಟಾದಲ್ಲಿ ಮತ್ತೆ ಬಿಡಿಸುತ್ತಿದ್ದೇನೆ. ಇಲ್ಲಿಗೆ ಏಳು ಸಲ ಅಳಿಸಿಯಾಯಿತು. ಚಾವಡಿಯ ಕಂಬ ಎರಡಲ್ಲ, ಮೂರು. ಹಟ್ಟಿ ಮನೆಯ ಹಿಂದೆ ಅಲ್ಲ, ಎಡಗಡೆ. ಮೊನ್ನೆ ಬಾವಿಯ ರಾಟೆ ಬಿಡಿಸಿದಾಗ ಅಜ್ಜಿ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಹಗ್ಗ ತಾಗಿ ತಾಗಿ ಕಲ್ಲು ಸವೆದಿತ್ತು, ಅದನ್ನೂ ಹಾಕು" ಎಂದರು. ಚಿತ್ರ ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಬಹುಮಾನಕ್ಕೆ ಕಳುಹಿಸಿದರೆ ಸಮಾಧಾನಕರ ಬಹುಮಾನವೂ ಸಿಗಲಿಕ್ಕಿಲ್ಲ. ಆದರೆ ಇದು ಯಾರ ಮನೆ ಎಂದು ಅಜ್ಜಿ ಈಗ ಕೇಳುವುದಿಲ್ಲ.

ನಾನಿನ್ನೂ ವಿದ್ಯಾರ್ಥಿನಿ. ಹೇಳಿದ್ದರಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಬೇಕು. ಸರಿ ಎನಿಸಿದರೆ ಮುಂದಿನ ಹೆತ್ತವರ ಸಭೆಯಲ್ಲಿ ದಯವಿಟ್ಟು ಒಂದು ಪ್ರಶ್ನೆ ಕೇಳಿ: ನಮ್ಮ ಮಕ್ಕಳ ಡ್ರಾಯಿಂಗ್ ಪೀರಿಯಡ್ ಎಲ್ಲಿ ಹೋಯಿತು?